ಫೇರೋಗಳ ಮನೆಯ ಮದುವೆ ಮಾತು

ಶನಿವಾರ, ಕೈರೋ

ತಹ್ರೀರ್ ಚೌಕದ ಹಳೇ ಮ್ಯೂಸಿಯಮ್‌ನಲ್ಲಿ ಈಗ ನೂಕುನುಗ್ಗಲು ಕಡಿಮೆ. ಟುಟಂಖಮುನ್‌ನ ಚಿನ್ನದ ಸಾಮಾನೆಲ್ಲ ಗೀಜಾದ ಹೊಸ ಮ್ಯೂಸಿಯಮ್‌ಗೆ ಹೋಯಿತು, ಜನರೂ ಅದರ ಹಿಂದೆ ಹೋದರು. ನಮಗೆ ಒಳ್ಳೆಯದೇ ಆಯಿತು. ನಡುವಿನ ಹಜಾರದಲ್ಲಿ ನೇರ ನಡೆದರೆ ತುದಿಯಲ್ಲಿ ಏಳು ಮೀಟರ್ ಎತ್ತರದ ಜೋಡಿ ವಿಗ್ರಹ ಕೂತಿದೆ. ಒಬ್ಬ ಮೂರನೇ ಅಮೆನ್‌ಹೊಟೆಪ್. ಪಕ್ಕದಲ್ಲಿ ಅವನ ಪಟ್ಟದ ರಾಣಿ ಟಿಯೆ, ಕೈಯಿಂದ ಗಂಡನ ಸೊಂಟ ಬಳಸಿದ್ದಾಳೆ. ಕಾಲ ಬಳಿ ಹೆಣ್ಣುಮಕ್ಕಳು ಚಿಕ್ಕದಾಗಿ ನಿಂತಿದ್ದಾರೆ.

"ಗಂಡನಷ್ಟೇ ಎತ್ತರ ಇದ್ದಾಳೆ ನೋಡು," ಅಂದಳು ಅಕ್ಕ.

"ಇರಲೇಬೇಕಲ್ಲ," ಅಂದರು ಭಾವ. "ಇಲ್ಲಿ ಸಿಂಹಾಸನ ಬರ್ತಿದ್ದದ್ದೇ ಹೆಂಗಸರಿಂದ. ಹಿಂದಿನ ರಾಜನ ಮಗಳನ್ನ ಕಟ್ಟಿಕೊಂಡವನೇ ಮುಂದಿನ ರಾಜ. ಅದಕ್ಕೇ ತಂಗೀನೇ ಮದುವೆ ಆಗ್ತಿದ್ರು."

ಇದು ಭಾವನ ಸ್ವಂತ ಕಲ್ಪನೆಯೇನಲ್ಲ. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿದ್ವಾಂಸರೇ ಹೀಗೆ ಬರೆದಿದ್ದರು. ಟೀವಿಯಲ್ಲಿ ಇವತ್ತಿಗೂ ಅದೇ ಮಾತು ಬರುತ್ತದೆ. 1983ರಲ್ಲಿ ಗೇ ರಾಬಿನ್ಸ್ ಎಂಬ ಸಂಶೋಧಕಿ 18ನೇ ರಾಜವಂಶದ, ಅಂದರೆ ಈ ಅಮೆನ್‌ಹೊಟೆಪ್‌ನ ವಂಶದ, ರಾಣಿಯರ ಪಟ್ಟಿ ಹಿಡಿದು ಒಬ್ಬೊಬ್ಬರ ತವರನ್ನೂ ವಿಚಾರಿಸಿದರು. ಅವರಲ್ಲಿ ಹಲವರು ರಾಜನ ಮಕ್ಕಳೇ ಅಲ್ಲ. ಆದರೂ ಅವರ ಗಂಡಂದಿರು ನೆಮ್ಮದಿಯಾಗಿ ರಾಜ್ಯ ಆಳಿದರು. ಹಾಗಾಗಿ ಈ ವಾದ ನಿಲ್ಲಲಿಲ್ಲ. ನಾನು ಇದನ್ನು ಓದಿಕೊಂಡೇ ಹೊರಟಿದ್ದೆ. ಈ ಪ್ರವಾಸದಲ್ಲಿ ಪಿರಮಿಡ್‌ಗಿಂತ ಜಾಸ್ತಿ ಇದನ್ನೇ ನೋಡಬೇಕು ಅಂತ ಆಸೆ.

ಅದಕ್ಕೆ ಟಿಯೆಗಿಂತ ಒಳ್ಳೆಯ ಸಾಕ್ಷಿ ಬೇಕಾ? ಮೇಲಿನ ಮಹಡಿಯಲ್ಲಿ ಅವಳ ಅಪ್ಪ ಅಮ್ಮನ ಸಾಮಾನಿದೆ. ಅಪ್ಪ ಯುಯಾ, ಅಮ್ಮ ತುಯಾ. ಅಖ್ಮೀಮ್ ಎಂಬ ಊರಿನವರು. ಯುಯಾ ರಾಜನ ಕುದುರೆಗಳ ಮೇಲ್ವಿಚಾರಕ. ದೊಡ್ಡ ಮನುಷ್ಯ ನಿಜ, ಆದರೆ ರಾಜವಂಶದವನಲ್ಲ. 1905ರಲ್ಲಿ ರಾಜರ ಕಣಿವೆಯಲ್ಲಿ ಇಬ್ಬರ ಸಮಾಧಿ ಸಿಕ್ಕಿತು. ಮಂಚ, ರಥ, ಮುಖವಾಡ ಎಲ್ಲ ಇತ್ತು. ಅಳಿಯ ರಾಜನಾದ್ದರಿಂದ ಮಾವನಿಗೆ ರಾಜರ ಸಾಲಿನಲ್ಲೇ ಜಾಗ.

ಅಳಿಯ ಈ ಸಂಬಂಧವನ್ನು ಮುಚ್ಚಿಡಲೂ ಇಲ್ಲ. ಜೀರುಂಡೆ ಆಕಾರದ ದಪ್ಪ ಮುದ್ರೆಗಳನ್ನು ಮಾಡಿಸಿ, ಕೆಳಗೆ ಬರೆಸಿ, ಎಲ್ಲ ಕಡೆ ಹಂಚಿಸಿದ. "ಇವಳ ತಂದೆಯ ಹೆಸರು ಯುಯಾ, ತಾಯಿಯ ಹೆಸರು ತುಯಾ. ಇವಳು ಬಲಶಾಲಿ ರಾಜನ ಹೆಂಡತಿ. ಅವನ ಗಡಿ ದಕ್ಷಿಣಕ್ಕೆ ಕರೋಯ್‌ವರೆಗೆ, ಉತ್ತರಕ್ಕೆ ನಹರಿನ್‌ವರೆಗೆ" ಅನ್ನುವ ಅರ್ಥದ ಮಾತು. ನನಗೆ ಇದರಲ್ಲಿ ಸ್ವಲ್ಪ ಜಂಬ ಕಾಣುತ್ತದೆ. ನನ್ನ ಹೆಂಡತಿ ಯಾರ ಮಗಳು ಅಂತ ಕೇಳ್ತೀರಾ? ಕೇಳಿ. ನನ್ನ ರಾಜ್ಯ ಎಷ್ಟು ದೊಡ್ಡದು ಅಂತಲೂ ಕೇಳಿ.

ಆಳ್ವಿಕೆಯ 10ನೇ ವರ್ಷ ಇನ್ನೊಂದು ಮುದ್ರೆ ಬಂತು. ಮಿತಾನ್ನಿ ದೇಶದ ರಾಜಕುಮಾರಿ ಗಿಲುಖೆಪಾ ಮದುವೆಯಾಗಿ ಬಂದಳು, ಜೊತೆಗೆ 317 ಹೆಂಗಸರ ಪರಿವಾರ. ಅದರಲ್ಲೂ ಟಿಯೆಯ ಹೆಸರು, ಅವಳ ಅಪ್ಪ ಅಮ್ಮನ ಹೆಸರು ಮೊದಲೇ ಇದೆ. ವಿದೇಶದ ರಾಜನ ಮಗಳು ಬಂದರೂ ಕುದುರೆ ನೋಡಿಕೊಳ್ಳುವವನ ಮಗಳ ಪಟ್ಟ ಅಲುಗಲಿಲ್ಲ.

ಯುಯಾ ಸಮಾಧಿಯ ಸಾಮಾನಿನಲ್ಲಿ ಒಂದು ಮರದ ಕುರ್ಚಿ ಇತ್ತು. ಅದು ಸಿಟಾಮುನ್‌ಳದ್ದು, ಅಂದರೆ ಟಿಯೆಯ ಹಿರಿಯ ಮಗಳದ್ದು. ಮುಂದೆ ಈ ಹುಡುಗಿಗೂ 'ರಾಜನ ಪಟ್ಟದ ಹೆಂಡತಿ' ಎಂಬ ಬಿರುದು ಬಂತು. ರಾಜ ಯಾರು? ಅವಳ ಅಪ್ಪನೇ. ಇದನ್ನು ಹೇಳಿದಾಗ ಅಕ್ಕ ಕುರ್ಚಿಯ ವಿಷಯ ಬಿಟ್ಟು, "ಟಿಯೆ ಸುಮ್ನೆ ಇದ್ದಳಾ?" ಅಂತ ಕೇಳಿದಳು. ಟಿಯೆ ಆಗಲೂ ಪಟ್ಟದ ರಾಣಿಯಾಗಿಯೇ ಇದ್ದಳು. ಮಗಳದ್ದು ಬರೀ ಬಿರುದೋ ನಿಜವಾದ ಸಂಸಾರವೋ ಎಂಬುದರ ಬಗ್ಗೆ ತಿಳಿದವರು ಇನ್ನೂ ಜಗಳವಾಡುತ್ತಿದ್ದಾರೆ.

ಮಧ್ಯಾಹ್ನ ಕೊಶರಿ ತಿಂದೆವು. ಅನ್ನ, ಬೇಳೆ, ಪಾಸ್ತಾ, ಕಡಲೆ, ಟೊಮೆಟೊ ಸಾರು, ಮೇಲೆ ಹುರಿದ ಈರುಳ್ಳಿ. ಸಸ್ಯಾಹಾರಿಗಳಿಗೆ ಈಜಿಪ್ಟ್‌ನಲ್ಲಿ ಇದೇ ಗತಿ, ಒಳ್ಳೆಯ ಗತಿ. ನಮ್ಮ ಗೈಡ್ ಹುಡುಗಿ ಜೊತೆಗೇ ಕೂತಿದ್ದಳು. ಹಳೇ ಈಜಿಪ್ಟ್‌ನಲ್ಲಿ ಮದುವೆ ಹೇಗೆ ಆಗುತ್ತಿತ್ತು ಅಂತ ಅಕ್ಕ ಕೇಳಿದಳು. ಮದುವೆ ಶಾಸ್ತ್ರದ ಚಿತ್ರ ಅಂತ ಯಾವ ಗೋಡೆಯ ಮೇಲೂ ಸಿಗುವುದಿಲ್ಲ ಅಂದಳು ಹುಡುಗಿ. ಇಬ್ಬರೂ ಒಂದು ಮನೆ ಹೂಡಿ ಇದ್ದರೆ ಗಂಡ ಹೆಂಡತಿ, ಅಷ್ಟೇ. ಆಮೇಲಿನ ಕಾಲದಲ್ಲಿ ಆಸ್ತಿ ಯಾರಿಗೆಷ್ಟು ಎಂಬ ಕರಾರು ಪತ್ರಗಳು ಬಂದವು. ಜನಸಾಮಾನ್ಯರಲ್ಲಿ ಆ ಕಾಲಕ್ಕೆ ಅಣ್ಣ ತಂಗಿ ಮದುವೆ ವಾಡಿಕೆಯಲ್ಲಿ ಇರಲಿಲ್ಲ.

ಆಮೇಲೆ ಅವಳ ಸರದಿ. "ನಿಮ್ಮಲ್ಲಿ ನೆಂಟರೊಳಗೆ ಮದುವೆ ಇದೆಯಾ?" ಅಕ್ಕ ಸಲೀಸಾಗಿ, "ನಮ್ಮಮ್ಮ ಮದುವೆಯಾಗಿದ್ದು ಸೋದರಮಾವನನ್ನೇ" ಅಂದುಬಿಟ್ಟಳು. ಹುಡುಗಿಯ ಚಮಚ ಅಲ್ಲೇ ನಿಂತಿತು. ಚಿಕ್ಕಪ್ಪನ ಮಗನಾದರೆ ಅವರಲ್ಲಿ ಪರವಾಗಿಲ್ಲ. ಅಮ್ಮನ ತಮ್ಮನಾ? ಛೆ! ಚಿಕ್ಕಪ್ಪನ ಮಗ ಅಂದರೆ ನಮಗೆ ಅಣ್ಣನ ಲೆಕ್ಕ, ಹಾಗಾಗಿ ಅಕ್ಕನೂ ಅಷ್ಟೇ ಜೋರಾಗಿ ಛೆ ಅಂದಳು. ಅಲ್ಲಿಂದ ಮುಂದೆ ಫೇರೋಗಳನ್ನು ಬೈಯುವಾಗ ಇಬ್ಬರೂ ಸ್ವಲ್ಪ ತಗ್ಗಿದ ದನಿಯಲ್ಲಿ ಬೈದರು.

ಸಂಜೆ ಫುಸ್ತಾತ್‌ನ ಮ್ಯೂಸಿಯಮ್. 2021ರ ಏಪ್ರಿಲ್ 3ರಂದು 18 ರಾಜರು, 4 ರಾಣಿಯರ ಮಮ್ಮಿಗಳನ್ನು ತಹ್ರೀರ್‌ನಿಂದ ಇಲ್ಲಿಗೆ ಮೆರವಣಿಗೆಯಲ್ಲಿ ತಂದರು. ಮಂದ ಬೆಳಕು, ಫೋಟೋ ತೆಗೆಯುವ ಹಾಗಿಲ್ಲ. ಮೊದಲು ಸಿಗುವವನು ಸೆಕೆನೆನ್ರೆ ತಾವೋ. ತಲೆಯ ತುಂಬ ಕೊಡಲಿ, ಈಟಿಯ ಗಾಯ. ಹಿಕ್ಸೋಸ್ ಎಂಬ ಪರದೇಶಿಗಳ ಜೊತೆಗಿನ ಜಗಳದ ಕಾಲದವನು. ಅವನ ಹೆಂಡತಿ ಅಹ್ಹೊಟೆಪ್ ಅವನ ತಂಗಿಯೇ ಅಂತ ಹೆಚ್ಚಿನವರು ಒಪ್ಪುತ್ತಾರೆ. ಹಿಕ್ಸೋಸ್‌ರನ್ನು ಓಡಿಸಿದ ಮಗ ಅಹ್ಮೋಸ್. ಅವನ ಪಟ್ಟದ ರಾಣಿ ಅಹ್ಮೋಸ್ ನೆಫರ್ಟಾರಿ, ಅವಳೂ ತಂಗಿಯೇ. ಅವಳೂ ಇದೇ ಹಜಾರದಲ್ಲಿದ್ದಾಳೆ.

"ನೋಡಿದ್ಯಾ?" ಅಂದರು ಭಾವ.

ನೋಡಿದೆ. ಆ ಮನೆಯಲ್ಲಿ ಅಣ್ಣ ತಂಗಿ ಮದುವೆ ಆಗಿದ್ದು ನಿಜ. ಆದರೆ ಆ ಕಾಲ ಎಂಥದ್ದು? ಯುದ್ಧ ನಡೆಯುತ್ತಿದೆ, ಮನೆತನ ಹೊಸದು. ಮಗಳನ್ನು ಹೊರಗೆ ಕೊಟ್ಟರೆ ನಾಳೆ ಅಳಿಯ, ಮೊಮ್ಮಗ ಅಂತ ಸಿಂಹಾಸನಕ್ಕೆ ಕೈ ಹಾಕುವವರು ಹುಟ್ಟುತ್ತಾರೆ. ಒಳಗೇ ಇಟ್ಟುಕೊಂಡರೆ ಆ ಕಾಟವಿಲ್ಲ. ದೇವರ ಮನೆಯಲ್ಲೂ ಒಸೈರಿಸ್ ಮತ್ತು ಐಸಿಸ್ ಅಣ್ಣ ತಂಗಿಯೇ, ಗಂಡ ಹೆಂಡತಿಯೇ. ಆ ಸಾಲಿಗೆ ಸೇರಿದ ಹಾಗೂ ಆಯಿತು. ಅಂದರೆ ಇದು ಅನುಕೂಲ, ಕಾನೂನಲ್ಲ.

ಭಾನುವಾರ, ಗೀಜಾ

ಬೆಳಿಗ್ಗೆ ಪಿರಮಿಡ್. ಅವು ಫೋಟೋದಲ್ಲಿ ಇರುವ ಹಾಗೇ ಇವೆ, ಸ್ವಲ್ಪ ಜಾಸ್ತಿ ದೊಡ್ಡದಾಗಿ. ಒಂಟೆಯವರ ಕಾಟವೂ ಹೇಳಿದಷ್ಟೇ ಇದೆ. ಬೇಗ ಸ್ಫಿಂಕ್ಸ್ ಕಡೆ ಇಳಿದೆವು.

ಸ್ಫಿಂಕ್ಸ್‌ನ ಎರಡು ಮುಂಗಾಲುಗಳ ನಡುವೆ, ಎದೆಗೆ ಒರಗಿಸಿದ ಹಾಗೆ ಒಂದು ಕಲ್ಲು ನಿಂತಿದೆ. ದೂರದಿಂದಲೇ ಕಾಣುತ್ತದೆ. ಅದನ್ನು ನಿಲ್ಲಿಸಿದವನು ನಾಲ್ಕನೇ ಥಟ್‌ಮೋಸ್, ನಿನ್ನೆ ನೋಡಿದ ಅಮೆನ್‌ಹೊಟೆಪ್‌ನ ಅಪ್ಪ. ರಾಜಕುಮಾರನಾಗಿದ್ದಾಗ ಬೇಟೆಗೆ ಬಂದು ಸ್ಫಿಂಕ್ಸ್‌ನ ನೆರಳಲ್ಲಿ ಮಲಗಿದನಂತೆ. ಕನಸಲ್ಲಿ ಸ್ಫಿಂಕ್ಸ್ ದೇವರು ಬಂದು, "ನನ್ನ ಮೈಮೇಲಿನ ಮರಳು ತೆಗೆಸು, ನಿನಗೆ ರಾಜ್ಯ ಕೊಡ್ತೀನಿ" ಅಂದನಂತೆ. ತೆಗೆಸಿದ, ರಾಜನಾದ. ಸಿಂಹಾಸನ ಹೇಗೆ ಸಿಕ್ಕಿತು ಅಂತ ಹೇಳಲು ಒಬ್ಬ ರಾಜ ಇಷ್ಟು ದೊಡ್ಡ ಕಲ್ಲು ಕೆತ್ತಿಸುತ್ತಾನೆ. ಅದರಲ್ಲಿ ಯಾವ ರಾಜಕುಮಾರಿಯ ಕೈ ಹಿಡಿದ ಮಾತೂ ಇಲ್ಲ, ಬರೀ ದೇವರು, ಮರಳು ಮತ್ತು ಕನಸು. ಭಾವ ಈ ಸಲ ಏನೂ ಅನ್ನಲಿಲ್ಲ. ಬಿಸಿಲೂ ಜೋರಿತ್ತು.

ಹೊಸ ಮ್ಯೂಸಿಯಮ್ ಅಲ್ಲಿಂದ ಹತ್ತಿರ. 2025ರ ನವೆಂಬರ್ 1ರಂದು ಅಧಿಕೃತವಾಗಿ ತೆರೆಯಿತು. ಒಳಗೆ ಕಾಲಿಟ್ಟರೆ 83 ಟನ್ ತೂಕದ ಎರಡನೇ ರಾಮ್ಸೆಸ್ ನಿಂತಿದ್ದಾನೆ. ನಾವು ಟುಟಂಖಮುನ್‌ನ ಹಜಾರದಲ್ಲೇ ಮಧ್ಯಾಹ್ನ ಕಳೆದೆವು.

ಚಿನ್ನದ ಮುಖವಾಡದ ಮುಂದೆ ಜನ ಜೇನುಹುಳದ ಹಾಗೆ ಮುತ್ತಿದ್ದರು. ಸಿಂಹಾಸನದ ಹತ್ತಿರ ಸ್ವಲ್ಪ ಜಾಗವಿತ್ತು. ಅದರ ಬೆನ್ನಿನ ಮೇಲೆ ಹುಡುಗ ರಾಜ ಆರಾಮಾಗಿ ಕೂತಿದ್ದಾನೆ. ಒಂದು ತೋಳು ಕುರ್ಚಿಯ ಹಿಂದಕ್ಕೆ ಇಳಿಬಿದ್ದಿದೆ. ಎದುರಿಗೆ ಹೆಂಡತಿ ಅಂಖೆಸೆನಮುನ್ ಬಾಗಿ, ಒಂದು ಕೈಯಲ್ಲಿ ಚಿಕ್ಕ ಬಟ್ಟಲು ಹಿಡಿದು, ಇನ್ನೊಂದು ಕೈಯಿಂದ ಅವನ ಭುಜಕ್ಕೆ ಸುಗಂಧ ಹಚ್ಚುತ್ತಿದ್ದಾಳೆ. ಇಬ್ಬರ ಬಟ್ಟೆಯೂ ಬೆಳ್ಳಿ, ಮೈ ಕೆಂಪು ಗಾಜು, ಮೇಲೆ ಸೂರ್ಯನ ಕಿರಣಗಳ ತುದಿಯಲ್ಲಿ ಪುಟ್ಟ ಪುಟ್ಟ ಕೈಗಳು. ಅಕ್ಕ ಬಹಳ ಹೊತ್ತು ನೋಡಿ, "ಇದು ಫೋಟೋ ಸ್ಟುಡಿಯೋದಲ್ಲಿ ನಿಲ್ಲಿಸಿದ ಹಾಗಿಲ್ಲ, ಮನೆಯಲ್ಲಿ ಇದ್ದ ಹಾಗಿದೆ" ಅಂದಳು.

ಅಂಖೆಸೆನಮುನ್ ರಾಜ ಅಖೆನಾತೆನ್ ಮತ್ತು ಅವನ ರಾಣಿ ನೆಫರ್ಟಿಟಿಯ ಮಗಳು. 2010ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯ ಪ್ರಕಾರ ಟುಟಂಖಮುನ್‌ನ ತಂದೆ ತಾಯಿ ಒಡಹುಟ್ಟಿದವರು. ಅವನ ಅಪ್ಪ ಅಖೆನಾತೆನ್ ಎಂದು ಹಲವರು ಹೇಳುತ್ತಾರೆ. ಹಾಗಿದ್ದರೆ ಈ ಗಂಡ ಹೆಂಡತಿಯೂ ಒಂದೇ ಅಪ್ಪನ ಮಕ್ಕಳು. ಸಮಾಧಿಯಲ್ಲಿ ಎರಡು ಭ್ರೂಣಗಳ ಮಮ್ಮಿ ಸಿಕ್ಕವು. ಬದುಕಿ ಉಳಿದ ಮಗು ಇಲ್ಲ.

ಇದರ ಮುಂದಿನ ಕಥೆ ಈಜಿಪ್ಟ್‌ನಲ್ಲಿ ಸಿಗುವುದಿಲ್ಲ. ಈಗಿನ ಟರ್ಕಿಯಲ್ಲಿದ್ದ ಹಿಟೈಟ್‌ರ ರಾಜಧಾನಿಯ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ. ಈಜಿಪ್ಟ್‌ನ ಒಬ್ಬ ವಿಧವೆ ರಾಣಿ ಹಿಟೈಟ್ ರಾಜ ಸುಪ್ಪಿಲುಲಿಯುಮನಿಗೆ ಕಾಗದ ಬರೆದಳು. ನನ್ನ ಗಂಡ ಸತ್ತ, ನನಗೆ ಮಗನಿಲ್ಲ, ನಿನಗೆ ತುಂಬ ಗಂಡುಮಕ್ಕಳಂತೆ, ಒಬ್ಬನನ್ನು ಕಳಿಸು, ಅವನನ್ನು ಗಂಡನಾಗಿ ಮಾಡಿಕೊಳ್ಳುತ್ತೇನೆ. ನನ್ನ ಆಳನ್ನು ಕಟ್ಟಿಕೊಳ್ಳಲಾರೆ. ಇದು ಅಂಖೆಸೆನಮುನ್ ಬರೆದದ್ದು ಅಂತ ಬಹಳ ಮಂದಿಯ ಅಭಿಪ್ರಾಯ. ಸುಪ್ಪಿಲುಲಿಯುಮ ನಂಬಲಿಲ್ಲ. ತನ್ನ ಕಡೆಯವನೊಬ್ಬನನ್ನು ಕಳಿಸಿ ವಿಚಾರಿಸಿದ. ನಿಜ ಅಂತ ಗೊತ್ತಾದ ಮೇಲೆ ಮಗ ಜನ್ನಂಜನನ್ನು ಕಳಿಸಿದ. ಆ ಹುಡುಗ ಸತ್ತುಹೋದ. ಅಪ್ಪನ ಪ್ರಕಾರ ಅದು ಕೊಲೆ. ಎರಡೂ ದೇಶಕ್ಕೆ ಯುದ್ಧವಾಯಿತು.

"ಹಂಗಾದ್ರೆ ರಾಣೀನ ಕಟ್ಟಿಕೊಂಡ್ರೆ ರಾಜ ಆಗಬಹುದಿತ್ತು ಅಂತಾಯ್ತಲ್ಲ," ಅಂದರು ಭಾವ. ಒಳ್ಳೆಯ ಏಟು. ನನ್ನ ಉತ್ತರ ಮಂಗಳವಾರಕ್ಕೆ ಇಟ್ಟುಕೊಂಡೆ.

ಸೋಮವಾರ, ಲಕ್ಸರ್

ವಿಮಾನದಲ್ಲಿ ಲಕ್ಸರ್. ಲಕ್ಸರ್ ಗುಡಿಗೆ ಸಂಜೆ ಹೋಗಬೇಕು, ದೀಪ ಹಚ್ಚಿದ ಮೇಲೆ. ಎಲ್ಲರೂ ಕಂಬಗಳ ನಡುವೆ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಹಿಂಭಾಗದಲ್ಲಿ, ಗರ್ಭಗುಡಿಯ ಪೂರ್ವಕ್ಕೆ, ಒಂದು ಕೋಣೆ ಇದೆ. ಗೋಡೆ ಬಹಳ ಸವೆದಿದೆ. ಗೈಡ್ ಹುಡುಗಿ ಬೆರಳಿಟ್ಟು ತೋರಿಸಿದ ಮೇಲೇ ಗೆರೆಗಳು ಮೇಲೆದ್ದವು.

ಇದು ಮೂರನೇ ಅಮೆನ್‌ಹೊಟೆಪ್ ಹುಟ್ಟಿದ ಕಥೆ. ತಾಯಿ ಮುತೆಮ್ವಿಯಾ. ತಂದೆ ಅಂದರೆ ಊರಿಗೆಲ್ಲ ಗೊತ್ತಿರುವ ಹಾಗೆ ಕನಸು ಬಿದ್ದ ಥಟ್‌ಮೋಸ್. ಆದರೆ ಗೋಡೆ ಬೇರೆ ಹೇಳುತ್ತದೆ. ಅಮುನ್ ದೇವರು ಗಂಡನ ರೂಪದಲ್ಲಿ ರಾಣಿಯ ಕೋಣೆಗೆ ಬಂದ, ಹುಟ್ಟಿದ ಮಗು ದೇವರದ್ದು. ಈ ಮುತೆಮ್ವಿಯಾ ತನ್ನ ಗಂಡ ಆಳುತ್ತಿದ್ದಾಗ ಎಲ್ಲೂ ಕಾಣುವುದೇ ಇಲ್ಲ. ಬಿರುದಿಲ್ಲ, ಚಿತ್ರವಿಲ್ಲ. ಮಗ ಪಟ್ಟಕ್ಕೆ ಬಂದ ಮೇಲೆ ಒಮ್ಮೆಗೇ ರಾಜಮಾತೆ, ಪಟ್ಟದ ರಾಣಿ, ದೇವರು ಕೈ ಹಿಡಿದವಳು. ತಾಯಿಯಿಂದ ಮಗ ದೊಡ್ಡವನಾಗಲಿಲ್ಲ, ಮಗನಿಂದ ತಾಯಿ ದೊಡ್ಡವಳಾದಳು. ಇಲ್ಲಿನ ವಿಷಯವೇ ಇದು ಅಂತ ನನ್ನ ಎಣಿಕೆ. ಮೊದಲು ಸಿಂಹಾಸನ, ಆಮೇಲೆ ಅದಕ್ಕೆ ತಕ್ಕ ಕಥೆ, ಆಮೇಲೆ ಕಲ್ಲುಕುಟಿಗ.

ಮಂಗಳವಾರ, ನೈಲ್‌ನ ಪಶ್ಚಿಮ ದಡ

ಬಿಸಿಲೇರುವ ಮೊದಲೇ ರಾಜರ ಕಣಿವೆ ಸೇರಿದೆವು. ಗೇಟಿನಿಂದ 'ತಫ್ತಫ್' ಎಂಬ ಪುಟ್ಟ ಬಂಡಿ. ಟುಟಂಖಮುನ್‌ನ ಸಮಾಧಿಗೆ ಬೇರೆ ಟಿಕೆಟ್. ಭಾವ ಗೊಣಗಿಕೊಂಡೇ ತೆಗೆದುಕೊಟ್ಟರು. ನನ್ನ ಉತ್ತರ ಒಳಗಿತ್ತು.

ಇಷ್ಟು ಹೆಸರು ಮಾಡಿದ ಸಮಾಧಿ ಇಷ್ಟು ಚಿಕ್ಕದಾ ಅನಿಸುತ್ತದೆ. ಹುಡುಗನ ಮಮ್ಮಿ ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿದೆ. ಉತ್ತರದ ಗೋಡೆಯ ಬಲತುದಿ ನೋಡಿ. ಮಮ್ಮಿಯಾಗಿ ನಿಂತ ಟುಟಂಖಮುನ್‌ನ ಮುಂದೆ ಒಬ್ಬ ಚಿರತೆ ಚರ್ಮ ಹೊದ್ದು, ಕೈಯಲ್ಲಿ ಬಾಚಿಯಂಥ ಉಪಕರಣ ಹಿಡಿದಿದ್ದಾನೆ. ಸತ್ತವನ ಬಾಯಿ ತೆರೆಸುವ ಶಾಸ್ತ್ರ. ಹಾಗೆ ಮಾಡಿದರೆ ಸತ್ತವನು ಆ ಲೋಕದಲ್ಲಿ ಉಣ್ಣಬಹುದು, ಮಾತಾಡಬಹುದು. ಅವನ ತಲೆಯ ಮೇಲೆ ಆಗಲೇ ನೀಲಿ ಕಿರೀಟ, ಪಕ್ಕದಲ್ಲಿ ರಾಜರ ಹೆಸರು ಬರೆಯುವ ಉದ್ದುಂಡನೆಯ ಚೌಕಟ್ಟು. ಅವನೇ ಆಯ್, ವಯಸ್ಸಾದ ದರಬಾರಿ.

ಹಿಂದಿನ ರಾಜನ ಅಂತ್ಯಸಂಸ್ಕಾರ ಮಾಡಿದವನು ಅವನ ವಾರಸುದಾರ. ಹೋರಸ್ ತನ್ನ ಅಪ್ಪ ಒಸೈರಿಸ್‌ಗೆ ಮಾಡಿದ್ದು ಅದನ್ನೇ. ಹಾಗಾಗಿ ಆಯ್ ತನ್ನ ಹಕ್ಕನ್ನು ಸತ್ತವನ ಕೋಣೆಯ ಗೋಡೆಯ ಮೇಲೇ ಬರೆಸಿದ. ಅಂಖೆಸೆನಮುನ್ ಇಲ್ಲೆಲ್ಲೂ ಇಲ್ಲ. ಅವಳ ಹೆಸರು, ಆಯ್ ಹೆಸರು ಜೊತೆಗಿರುವ ಒಂದು ಉಂಗುರ ಇದೆ ನಿಜ. ಅದನ್ನು ಹಿಡಿದು ಅವಳನ್ನು ಮದುವೆಯಾದ ಅಂತ ಹೇಳುವವರಿದ್ದಾರೆ. ಆದರೆ ಆಯ್ ತನ್ನ ಸಮಾಧಿಯಲ್ಲಿ ಬರೆಸಿಕೊಂಡದ್ದು ಹಳೇ ಹೆಂಡತಿ ತೇಯ್‌ಳನ್ನು.

"ಎರಡೂ ಕಡೆ ಭದ್ರ ಮಾಡಿಕೊಂಡಿದ್ದ ಅನ್ನು," ಅಂದರು ಭಾವ, ಪೂರ್ತಿ ಒಪ್ಪದೆ. ಇರಬಹುದು. ರಾಣಿಯ ಕೈ ಹಿಡಿದರೆ ಬಲ ಬರುತ್ತಿತ್ತು, ಇಲ್ಲ ಅನ್ನಲ್ಲ. ಅವನ ನಂತರ ಬಂದ ಹೊರೆಮ್‌ಹೆಬ್ ಸೇನಾಪತಿ. ಅವನಿಗೆ ಪಟ್ಟ ಕೊಟ್ಟಿದ್ದು ಅಮುನ್ ದೇವರೇ ಅಂತ ಅವನ ಶಾಸನ.

ಅಲ್ಲಿಂದ ದೇರ್ ಎಲ್ ಬಹ್ರಿ, ಹ್ಯಾಟ್ಶೆಪ್ಸುಟ್‌ಳ ಗುಡಿ. ಕಡಿದಾದ ಬಂಡೆಯ ಬುಡದಲ್ಲಿ ಮೂರು ಅಂತಸ್ತು. ನಡುವಿನ ಅಂತಸ್ತಿನ ಎಡಕ್ಕೆ ಪುಂಟ್ ದೇಶದ ಹಡಗುಯಾತ್ರೆಯ ಚಿತ್ರ. ಎಲ್ಲ ಗುಂಪುಗಳೂ ಅಲ್ಲಿಗೆ ಹೋಗುತ್ತವೆ. ನಾವು ಬಲಕ್ಕೆ ಹೋದೆವು.

ನೆರಳಲ್ಲಿ ಕೂತು ಅಕ್ಕ ನೋಟ್‌ಬುಕ್ ತೆಗೆದಳು. ವಂಶವೃಕ್ಷ ಬರೆಯದೆ ಅವಳಿಗೆ ಏನೂ ಅರ್ಥವಾಗದು. ಒಂದನೇ ಥಟ್‌ಮೋಸ್‌ಗೆ ಪಟ್ಟದ ರಾಣಿ ಅಹ್ಮೋಸ್‌ಳಿಂದ (ಅಹ್ಮೋಸ್ ನೆಫರ್ಟಾರಿ ಅಲ್ಲ, ಇವಳು ಬೇರೆ) ಹ್ಯಾಟ್ಶೆಪ್ಸುಟ್ ಹುಟ್ಟಿದಳು. ಇನ್ನೊಬ್ಬ ಹೆಂಡತಿ ಮುತ್‌ನೊಫ್ರೆತ್‌ಳಿಂದ ಎರಡನೇ ಥಟ್‌ಮೋಸ್. ಈ ಇಬ್ಬರಿಗೂ ಮದುವೆ. ಅವರಿಗೆ ಮಗಳು ನೆಫರೂರೆ. ಎರಡನೇ ಥಟ್‌ಮೋಸ್‌ಗೆ ಐಸೆತ್ ಎಂಬ ಚಿಕ್ಕ ಹೆಂಡತಿಯಲ್ಲಿ ಒಬ್ಬ ಮಗ, ಮುಂದೆ ಮೂರನೇ ಥಟ್‌ಮೋಸ್. ಅಕ್ಕ ಗೆರೆ ಎಳೆದು ತಲೆಯೆತ್ತಿದಳು. "ಹಾಗಾದರೆ ಈ ಹುಡುಗನಿಗೆ ಅವಳು ಮಲತಾಯಿನೂ ಹೌದು, ಸೋದರತ್ತೆನೂ ಹೌದು."

ಹುಡುಗ ಚಿಕ್ಕವನು, ಅವಳು ಅವನ ಪರವಾಗಿ ಆಳಲು ಶುರು ಮಾಡಿದಳು. 7ನೇ ವರ್ಷದ ಹೊತ್ತಿಗೆ ತಾನೇ ಫೇರೋ. ಹೆಣ್ಣಿನ ಕಡೆಯಿಂದಲೇ ಸಿಂಹಾಸನ ಬರುತ್ತಿದ್ದರೆ ಅವಳಿಗೆ ಯಾವ ವಿವರಣೆಯೂ ಬೇಕಿರಲಿಲ್ಲ. ರಾಜನ ಮಗಳು, ರಾಜನ ತಂಗಿ, ರಾಜನ ಹೆಂಡತಿ, ಇನ್ನೇನು ಬೇಕು? ಆದರೂ ಒಂದು ಇಡೀ ಮೊಗಸಾಲೆಯ ಗೋಡೆ ಖರ್ಚಾಗಿದೆ.

ಗೋಡೆಯಲ್ಲಿ ಅಮುನ್ ಮತ್ತು ರಾಣಿ ಅಹ್ಮೋಸ್ ಎದುರುಬದುರು ಕೂತಿದ್ದಾರೆ, ಮೊಣಕಾಲಿಗೆ ಮೊಣಕಾಲು ತಾಕುವ ಹಾಗೆ. ಅಮುನ್ ಜೀವದ ಚಿಹ್ನೆಯನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದಾನೆ. ಕೆಳಗೆ ಇಬ್ಬರು ದೇವತೆಯರು ಅವರ ಪಾದಗಳನ್ನು ಎತ್ತಿ ಹಿಡಿದಿದ್ದಾರೆ, ಅಂದರೆ ಇದು ನೆಲದ ಮೇಲೆ ನಡೆದದ್ದಲ್ಲ. ಅಷ್ಟರಲ್ಲೇ ಎಲ್ಲ ಹೇಳಿಯಾಯಿತು. ಮುಂದೆ ಟಗರಿನ ತಲೆಯ ಖ್ನುಮ್ ದೇವರು ಕುಂಬಾರನ ತಿಗರಿಯ ಮುಂದೆ ಕೂತು ಎರಡು ಪುಟ್ಟ ಬೊಂಬೆ ಮಾಡುತ್ತಾನೆ, ಒಂದು ಮಗು, ಇನ್ನೊಂದು ಅದರ ಜೀವಚೈತನ್ಯ. ಎರಡೂ ಗಂಡು ಮಗುವಿನ ಆಕಾರ! ಆಮೇಲೆ ಖ್ನುಮ್ ಮತ್ತು ಕಪ್ಪೆ ತಲೆಯ ಹೆಕೆತ್ ಎರಡೂ ಕಡೆ ಕೈ ಹಿಡಿದು ಬಸುರಿಯನ್ನು ಹೆರಿಗೆಗೆ ಕರೆದೊಯ್ಯುತ್ತಾರೆ. ರಾಣಿಯ ಹೊಟ್ಟೆಯ ಉಬ್ಬು ಎಷ್ಟು ಸಣ್ಣದೆಂದರೆ, ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಕಾಣುತ್ತದೆ. ಗೈಡ್ ಹುಡುಗಿ ಕನ್ನಡಿ ಹಿಡಿದು ಬಿಸಿಲನ್ನು ಆ ಕಡೆ ತಿರುಗಿಸಿದಳು. ಅಕ್ಕ "ಐದೂ ಆಗಿಲ್ಲ" ಅಂತ ತಿಂಗಳ ಲೆಕ್ಕ ಹಾಕಿದಳು.

ಎಷ್ಟೋ ಕಡೆ ಆಕೃತಿಗಳನ್ನು ಉಳಿಯಿಂದ ಕೆತ್ತಿ ಹಾಕಿದ್ದಾರೆ. ಮೂರನೇ ಥಟ್‌ಮೋಸ್ ಅತ್ತೆಯ ಮೇಲಿನ ಸಿಟ್ಟಿಗೆ ಮಾಡಿಸಿದ ಅನ್ನುವುದು ಸಿನಿಮಾ ಕಥೆ. ಅವಳ ಹೆಸರು ಅಳಿಸಲು ಶುರುವಾದದ್ದು ಅವಳು ಸತ್ತು ಸುಮಾರು 20 ವರ್ಷವಾದ ಮೇಲೆ. ಯಾರ ಸಿಟ್ಟು ಅಷ್ಟು ದಿನ ಕಾಯುತ್ತೆ? ತನ್ನ ಮಗನ ಪಟ್ಟಕ್ಕೆ ಯಾರೂ ಅಡ್ಡ ಬರಬಾರದು ಅಂತ ದಾರಿ ಸವರಿದ ಅನ್ನುವುದು ನನಗೆ ಹೆಚ್ಚು ನಂಬುವ ಹಾಗಿದೆ.

ಮಧ್ಯಾಹ್ನ ಮೆದಿನೆತ್ ಹಾಬು. ಮೂರನೇ ರಾಮ್ಸೆಸ್‌ನ ಗುಡಿ. ಹೊರಗಿನ ಎತ್ತರದ ಬಾಗಿಲಿನ ಮೇಲಿನ ಕೋಣೆಗಳ ಗೋಡೆಯಲ್ಲಿ ರಾಜ ತನ್ನ ಅಂತಃಪುರದ ಹೆಂಗಸರ ಜೊತೆ ಕೂತಿರುವ ಚಿತ್ರಗಳಿವೆ. ಅದೇ ಅಂತಃಪುರದಿಂದ ಅವನ ಸಾವು ಬಂತು. ಇನ್ನೊಬ್ಬ ಟಿಯೆ, ಇವಳು ಚಿಕ್ಕ ಹೆಂಡತಿ, ತನ್ನ ಮಗ ಪೆಂತವೇರೆಗೆ ಪಟ್ಟ ಕಟ್ಟಲು ಸಂಚು ಮಾಡಿದಳು. ಅರಮನೆಯ ಅಧಿಕಾರಿಗಳು ಸೇರಿಕೊಂಡರು, ಮೇಣದ ಬೊಂಬೆ ಮಾಡಿ ಮಾಟವನ್ನೂ ಮಾಡಿಸಿದರು. ವಿಚಾರಣೆಯ ದಾಖಲೆ ಇಟಲಿಯ ಟುರಿನ್‌ನಲ್ಲಿದೆ. ಸಂಚು ಫಲಿಸಿತೋ ಇಲ್ಲವೋ ಎಂಬ ಅನುಮಾನ ಬಹಳ ವರ್ಷ ಇತ್ತು. 2012ರಲ್ಲಿ ಮಮ್ಮಿಯ ಸಿಟಿ ಸ್ಕ್ಯಾನ್ ಫಲಿತಾಂಶ ಬಂತು, ಕತ್ತು ಮೂಳೆಯವರೆಗೆ ಸೀಳಿತ್ತು. ಶನಿವಾರ ಫುಸ್ತಾತ್‌ನಲ್ಲಿ ನಾವು ಅವನ ಮುಂದೆ ನಿಂತಿದ್ದಾಗ ಕತ್ತಿನ ಸುತ್ತ ಬಟ್ಟೆಯೇ ಕಂಡಿತ್ತು. ಪೆಂತವೇರೆ ರಾಜನಾಗಲಿಲ್ಲ. ಪಟ್ಟ ನಾಲ್ಕನೇ ರಾಮ್ಸೆಸ್‌ಗೆ ಹೋಯಿತು.

ಬಾಗಿಲು ದಾಟಿದರೆ ಎಡಗಡೆ ಪುಟ್ಟ ಗುಡಿಗಳ ಸಾಲು, 'ಅಮುನ್‌ನ ಹೆಂಡತಿ' ಎಂಬ ಪದವಿಯಲ್ಲಿದ್ದ ರಾಜಕುಮಾರಿಯರದ್ದು. ಅಹ್ಮೋಸ್ ನೆಫರ್ಟಾರಿಯ ಕಾಲದಲ್ಲಿ ಈ ಪದವಿಯಲ್ಲಿದ್ದ ರಾಣಿಯರಿಗೆ ಗಂಡ ಮಕ್ಕಳು ಇದ್ದರು. ಮುಂದೆ ಮದುವೆಯಾಗದ ರಾಜಕುಮಾರಿಯರೇ ಕೂತರು, ಪದವಿ ದತ್ತು ಮಗಳಿಗೆ ಹೋಗುತ್ತಿತ್ತು. ಕ್ರಿ.ಪೂ. 656ರಲ್ಲಿ ಉತ್ತರದ ರಾಜ ಪ್ಸಮ್ತಿಕ್ ತನ್ನ ಮಗಳು ನಿತೋಕ್ರಿಸ್‌ಳನ್ನು ಇಲ್ಲಿನವರಿಗೆ ದತ್ತು ಕೊಡಿಸಿದ. ಒಂದು ಬಾಣ ಬಿಡದೆ ದಕ್ಷಿಣ ಅವನದ್ದಾಯಿತು.

ಬುಧವಾರ, ಕಾರ್ನಾಕ್ ಮತ್ತು ಹಡಗು

ಕಾರ್ನಾಕ್‌ನಲ್ಲಿ ಹ್ಯಾಟ್ಶೆಪ್ಸುಟ್‌ಳ ಒಂದು ಏಕಶಿಲಾ ಕಂಬ ಇನ್ನೂ ನಿಂತಿದೆ, ಹತ್ತಿರ ಹತ್ತಿರ 30 ಮೀಟರ್. ಮೂರನೇ ಥಟ್‌ಮೋಸ್ ತನ್ನ ಕಥೆಯನ್ನೂ ಇಲ್ಲೇ ಬರೆಸಿದ್ದಾನೆ. ಅವನು ಗುಡಿಯಲ್ಲಿ ಹುಡುಗನಾಗಿದ್ದಾಗ ಅಮುನ್‌ನ ಉತ್ಸವ ಮೂರ್ತಿ ಹಜಾರದಲ್ಲಿ ಅತ್ತಿತ್ತ ಹುಡುಕುತ್ತ ಬಂದು, ಅವನ ಮುಂದೆ ನಿಂತುಬಿಟ್ಟಿತಂತೆ. ಚಿಕ್ಕ ಹೆಂಡತಿಯ ಮಗನಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನ ಹಡಗು ಹತ್ತಿದೆವು. ಎಸ್ನಾದ ಬಳಿ ದೋಣಿಯವರು ಕೆಳಗಿನಿಂದ ಬಟ್ಟೆಗಳನ್ನು ನಮ್ಮ ಡೆಕ್ಕಿಗೆ ಎಸೆದು ವ್ಯಾಪಾರ ಮಾಡುತ್ತಾರೆ. ಅಕ್ಕ ಒಂದು ಮೇಜುಬಟ್ಟೆ ಚೌಕಾಸಿ ಮಾಡಿ ಕೊಂಡಳು.

ಗುರುವಾರ, ಎಡ್ಫು ಮತ್ತು ಕೋಮ್ ಓಂಬೊ

ಇವತ್ತಿನ ಎರಡೂ ಗುಡಿಗಳು ಗ್ರೀಕ್ ಮೂಲದ ಟಾಲೆಮಿ ರಾಜರು ಕಟ್ಟಿಸಿದ್ದು. ಎಡ್ಫು ಗುಡಿ ಕ್ರಿ.ಪೂ. 237ರಲ್ಲಿ ಶುರುವಾಗಿ 57ಕ್ಕೆ ಮುಗಿಯಿತು. ಡೆಂಡೆರಾದಿಂದ ಹಾಥೋರ್ ದೇವಿ ವರ್ಷಕ್ಕೊಮ್ಮೆ ದೋಣಿಯಲ್ಲಿ ಇಲ್ಲಿನ ಹೋರಸ್‌ನ ಮನೆಗೆ ಬರುತ್ತಿದ್ದಳು, ಸುಮಾರು ಎರಡು ವಾರ ಹಬ್ಬ. ದೇವರುಗಳಿಗಾದರೂ ಬೇರೆ ಊರಿನ ಹೆಣ್ಣು ಸಿಕ್ಕಿತು. ಟಾಲೆಮಿಗಳಿಗೆ ಸಿಗಲಿಲ್ಲ, ಅಥವಾ ಬೇಕಿರಲಿಲ್ಲ.

ಎರಡನೇ ಟಾಲೆಮಿ ಒಡಹುಟ್ಟಿದ ಅಕ್ಕ ಅರ್ಸಿನೋಯಿಯನ್ನೇ ಮದುವೆಯಾದ. ಗ್ರೀಕರಿಗೆ ಇದು ಹೇಸಿಗೆ. ಸೋಟಾಡೆಸ್ ಎಂಬ ಕವಿ ಇದರ ಬಗ್ಗೆ ಕೆಟ್ಟದಾಗಿ ಪದ್ಯ ಕಟ್ಟಿದ. ಅವನನ್ನು ಸೀಸದ ಪಾತ್ರೆಯಲ್ಲಿ ಮುಚ್ಚಿ ಸಮುದ್ರಕ್ಕೆ ಹಾಕಿದರಂತೆ. ಹೊಗಳುವ ಕವಿ ಜ್ಯೂಸ್ ಮತ್ತು ಹೀರಾ ದೇವರೂ ಅಣ್ಣ ತಂಗಿಯೇ ಅಂದ. ಆಮೇಲೆ ಇದೇ ಮನೆಯ ಪದ್ಧತಿಯಾಯಿತು. ಕೊನೆಯ ಕ್ಲಿಯೋಪಾತ್ರಾ ಕೂಡ ತಮ್ಮಂದಿರಿಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ಕಟ್ಟಿಕೊಂಡವಳು. ನಮ್ಮ ತಲೆಯಲ್ಲಿ 'ಈಜಿಪ್ಟ್ ರಾಜರು ಅಂದರೆ ತಂಗಿಯನ್ನು ಮದುವೆಯಾಗುವವರು' ಅಂತ ಕೂತಿರುವುದು ಬಹುಪಾಲು ಈ ಕೊನೆಯ 300 ವರ್ಷದ ಪರದೇಶಿ ಮನೆತನದಿಂದ. ಅದನ್ನು ಹಿಂದಿನ 2,700 ವರ್ಷಕ್ಕೂ ಹಚ್ಚಿಬಿಟ್ಟಿದ್ದೇವೆ.

ಕೋಮ್ ಓಂಬೊಗೆ ಸಂಜೆ ತಲುಪಿದೆವು. ನದಿಯ ದಂಡೆಯ ಮೇಲೇ ಗುಡಿ. ಒಳಗಿನ ಕಂಬದ ಹಜಾರದಲ್ಲಿ ಎಂಟನೇ ಟಾಲೆಮಿ ದೇವರಿಂದ ಬಾಗಿದ ಕತ್ತಿ ತೆಗೆದುಕೊಳ್ಳುತ್ತಿದ್ದಾನೆ. ಹಿಂದೆ ಒಂದೇ ಎತ್ತರದ, ಒಂದೇ ತರಹದ ಇಬ್ಬರು ರಾಣಿಯರು. ಎರಡನೇ ಕ್ಲಿಯೋಪಾತ್ರಾ, ಮೂರನೇ ಕ್ಲಿಯೋಪಾತ್ರಾ. ಅಕ್ಕ ನೋಟ್‌ಬುಕ್ ತೆಗೆದಳು.

ಎರಡನೇ ಕ್ಲಿಯೋಪಾತ್ರಾ ಇವನ ಅಕ್ಕ. ಮೊದಲು ಇವರಿಬ್ಬರ ಅಣ್ಣ ಆರನೇ ಟಾಲೆಮಿಯ ಹೆಂಡತಿ. ಅವನು ಸತ್ತ ಮೇಲೆ ಇವನ ಹೆಂಡತಿ. ಮೂರನೇ ಕ್ಲಿಯೋಪಾತ್ರಾ ಆ ಮೊದಲ ಮದುವೆಯ ಮಗಳು. ಇವನು ಅಕ್ಕನನ್ನು ಬಿಡದೆಯೇ ಈ ಮಗಳನ್ನೂ ಮದುವೆಯಾದ. ಪೆನ್ನು ಸ್ವಲ್ಪ ಹೊತ್ತು ನಿಂತಿತು. "ಅಪ್ಪನ ತಮ್ಮ, ಅಂದ್ರೆ ಚಿಕ್ಕಪ್ಪ. ಅಮ್ಮನ ತಮ್ಮ, ಅಂದ್ರೆ ಸೋದರಮಾವ. ಅಮ್ಮನ ಗಂಡ, ಅಂದ್ರೆ ಮಲತಂದೆ. ಈಗ ತನ್ನ ಗಂಡ. ಹೆತ್ತ ತಾಯಿ ಸವತಿ." ಅಕ್ಕ ಆ ಹಾಳೆ ಹರಿದು ಭಾವನ ಕೈಗೆ ಕೊಟ್ಟಳು. "ನೀವೇ ಬರೀರಿ, ನನ್ನ ಕೈಲಿ ಆಗಲ್ಲ."

ಇಷ್ಟೆಲ್ಲ ಒಳಗೊಳಗೇ ಮಾಡಿಕೊಂಡರೆ ಜಗಳವಾದರೂ ಇರಲಿಲ್ಲವೇ? ಎರಡನೇ ಕ್ಲಿಯೋಪಾತ್ರಾ ದಂಗೆ ಎದ್ದು ತಮ್ಮನನ್ನು ಓಡಿಸಿದಳು. ಅವನು ತಮ್ಮಿಬ್ಬರ ಮಗ ಮೆಂಫೈಟಿಸ್‌ನನ್ನೇ ಕೊಲ್ಲಿಸಿ, ತುಂಡುಗಳನ್ನು ತಾಯಿಗೆ ಕಳಿಸಿದ ಅಂತ ಹಳೇ ಗ್ರೀಕ್ ಮತ್ತು ರೋಮನ್ ಲೇಖಕರು ಬರೆದಿದ್ದಾರೆ. ಮತ್ತೆ ಒಂದಾದರು! ಗೋಡೆಯ ಮೇಲೆ ಮೂವರೂ ಹಬ್ಬಕ್ಕೆ ಹೊರಟ ಮನೆಯವರ ಹಾಗೆ ಸಾಲಾಗಿ ನಿಂತಿದ್ದಾರೆ.

ಶುಕ್ರವಾರ ಅಸ್ವಾನ್‌ನಲ್ಲಿ ಭಾವನ ಹೊಟ್ಟೆ ಕೆಟ್ಟು ಎಲ್ಲೂ ಹೋಗಲಿಲ್ಲ. ಮೊಸರು ಅನ್ನ, ನಿದ್ದೆ.

ಶನಿವಾರ, ಅಬು ಸಿಂಬೆಲ್

ಅಸ್ವಾನ್‌ನಿಂದ ಮರುಭೂಮಿಯಲ್ಲಿ ಸುಮಾರು 280 ಕಿಲೋಮೀಟರ್. ಕತ್ತಲಲ್ಲೇ ಹೊರಟೆವು. ಇಲ್ಲಿರುವುದು ಎರಡನೇ ರಾಮ್ಸೆಸ್ ಕಟ್ಟಿಸಿದ ಎರಡು ಗುಡಿ. ಎರಡನ್ನೂ ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ತುಂಡು ತುಂಡಾಗಿ ಕೊಯ್ದು ಮೇಲೆ ಕೂರಿಸಿದ್ದಾರೆ. ಎಷ್ಟು ಹುಡುಕಿದರೂ ಕೊಯ್ದ ಗೆರೆ ಸುಲಭಕ್ಕೆ ಸಿಗದು.

ಚಿಕ್ಕ ಗುಡಿ ಅವನ ಪಟ್ಟದ ರಾಣಿ ನೆಫರ್ಟಾರಿಯದ್ದು (ಫುಸ್ತಾತ್‌ನಲ್ಲಿ ನೋಡಿದ ಅಹ್ಮೋಸ್ ನೆಫರ್ಟಾರಿ ಬೇರೆ). ಮುಂದೆ ಆರು ವಿಗ್ರಹ, ನಾಲ್ಕು ಎರಡನೇ ರಾಮ್ಸೆಸ್‌ನವು, ಎರಡು ಅವಳವು. ಎಲ್ಲವೂ ಸುಮಾರು 10 ಮೀಟರ್, ಅವನಷ್ಟೇ ಅವಳೂ. ಇವಳನ್ನು ರಾಜನ ಮಗಳು ಅಂತ ಯಾವ ಶಾಸನವೂ ಕರೆದಿಲ್ಲ. ರಾಮ್ಸೆಸ್ ತನ್ನ ಸ್ವಂತ ಹೆಣ್ಣುಮಕ್ಕಳಿಗೂ ಪಟ್ಟದ ರಾಣಿಯ ಬಿರುದು ಕೊಟ್ಟವನು. ಬಿಂತಾನಾಥ್, ಮೆರಿತಾಮುನ್, ನೆಬೆತ್ತಾವಿ. ಅವನಿಗೆ ಸಿಂಹಾಸನಕ್ಕಾಗಿ ಅವರ ಅಗತ್ಯ ಇರಲಿಲ್ಲ, ಅದು ಆಗಲೇ ಅವನ ಕೆಳಗಿತ್ತು.

ನಾನು ಹುಡುಕುತ್ತಿದ್ದದ್ದು ದೊಡ್ಡ ಗುಡಿಯ ಜಗಲಿಯ ದಕ್ಷಿಣ ತುದಿಯಲ್ಲಿತ್ತು, ಮದುವೆಯ ಶಾಸನ. ಆಳ್ವಿಕೆಯ 34ನೇ ವರ್ಷದ್ದು. ಮೇಲೆ ದೇವರುಗಳ ನಡುವೆ ಕೂತ ರಾಮ್ಸೆಸ್, ಎದುರಿಗೆ ಹಿಟೈಟ್ ರಾಜ ಹತ್ತುಸಿಲಿ ಮತ್ತು ಅವನ ಮಗಳು. ಚಳಿಗಾಲದಲ್ಲಿ ಹುಡುಗಿಯ ದಿಬ್ಬಣ ಹೊರಟಿದೆ, ಮಳೆ ಹಿಮ ಬೀಳದಿರಲಿ ಅಂತ ರಾಜ ಸೇತ್ ದೇವರಿಗೆ ಬೇಡಿದ, ಬೇಸಿಗೆಯಂಥ ಹವೆ ಬಂತು. ಅವಳಿಗೆ ಮಾತ್‌ಹೊರ್‌ನೆಫರೂರೆ ಅಂತ ಹೊಸ ಹೆಸರಿಟ್ಟರು.

ಈಜಿಪ್ಟ್‌ನವರು ಹೆಣ್ಣು ತರುತ್ತಿದ್ದರು, ಕೊಡುತ್ತಿರಲಿಲ್ಲ. ಈ ಮದುವೆಗೂ ನೂರಕ್ಕೂ ಹೆಚ್ಚು ವರ್ಷ ಮೊದಲು ಬ್ಯಾಬಿಲೋನ್‌ನ ರಾಜ ಕದಶ್ಮನ್ ಎನ್ಲಿಲ್ ಮೂರನೇ ಅಮೆನ್‌ಹೊಟೆಪ್‌ನ ಮಗಳನ್ನು ಕೇಳಿದ್ದ. ನಮ್ಮಲ್ಲಿ ಅನಾದಿ ಕಾಲದಿಂದ ಹೆಣ್ಣು ಹೊರಗೆ ಕೊಟ್ಟಿಲ್ಲ ಎಂದು ಉತ್ತರ ಬಂತು. ಆಗ ಅವನು ಬರೆದ ಕಾಗದ ಈಜಿಪ್ಟ್‌ನ ಅಮರ್ನಾ ಎಂಬಲ್ಲಿ ಸಿಕ್ಕಿದೆ. ನೀನು ರಾಜ, ಮನಸ್ಸು ಮಾಡಿದರೆ ಯಾರು ಬೇಡ ಅಂತಾರೆ? ಹೋಗಲಿ, ಯಾರಾದರೂ ಸುಂದರಿಯನ್ನು ನಿನ್ನ ಮಗಳೆಂದು ಕಳಿಸು, ಇವಳು ರಾಜನ ಮಗಳಲ್ಲ ಅಂತ ಯಾರು ಹೇಳಬೇಕು? ಅಕ್ಕ ನಕ್ಕಿದ್ದು ಪಕ್ಕದ ಜರ್ಮನ್ ಗುಂಪಿಗೂ ಕೇಳಿಸಿತು.

ಆದರೆ ಅವಳಿಗೆ ಹಿಡಿಸಿದ್ದು ಬೀಗಿತ್ತಿ. ಹತ್ತುಸಿಲಿಯ ರಾಣಿ ಪುದುಹೆಪಾ. ಹುಡುಗಿ ಬರುವುದು ತಡವಾಯಿತು ಅಂತ ರಾಮ್ಸೆಸ್ ಆಕ್ಷೇಪಣೆಯ ಕಾಗದ ಬರೆದಿದ್ದ. ಪುದುಹೆಪಾ ಬಿಡಲಿಲ್ಲ. ನನ್ನ ಅಣ್ಣನ (ಅಂದರೆ ರಾಮ್ಸೆಸ್‌ನ) ಹತ್ತಿರ ಏನೂ ಇಲ್ಲವಾ? ನನ್ನಿಂದ ಶ್ರೀಮಂತನಾಗಲು ಹೊರಟಿದ್ದೀಯಾ? ಇದು ನಿನ್ನ ಹೆಸರಿಗೂ ಶೋಭೆಯಲ್ಲ, ದೊಡ್ಡಸ್ತಿಕೆಗೂ ಅಲ್ಲ ಅನ್ನುವ ಧಾಟಿಯಲ್ಲಿ ಉತ್ತರಿಸಿದಳು. ಗೋಡೆಯ ಮೇಲೆ ಈ ಮಾತಿಲ್ಲ. ಗೋಡೆಯ ಮೇಲೆ ಹಿಟೈಟ್ ರಾಜ ಕೈಯೆತ್ತಿ ಮುಗಿಯುತ್ತಿದ್ದಾನೆ.

"ಆಮೇಲೆ ಹುಡುಗಿ ಏನಾದಳು?" ಅಂದರು ಭಾವ. ಪಟ್ಟದ ರಾಣಿಯ ಬಿರುದು ಸಿಕ್ಕಿತು. ಅವಳ ಹೆಸರು ಫಯೂಮ್ ಹತ್ತಿರ ಗುರೋಬ್‌ನ ಅಂತಃಪುರದ ಒಂದು ಪಪೈರಸ್ ಚೂರಿನಲ್ಲಿದೆ, ಬಟ್ಟೆಗಳ ಲೆಕ್ಕದ ಚೀಟಿ. ಕೆಲವು ವರ್ಷಕ್ಕೆ ಹಿಟೈಟ್ ಮನೆಯಿಂದ ಇನ್ನೊಬ್ಬಳು ಮಗಳೂ ಬಂದಳು.

"ಎರಡನೆಯವಳಿಗೆ ಎಷ್ಟು ವಸೂಲು ಮಾಡಿದನೋ," ಅಂತ ಅಕ್ಕ ಅನ್ನುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಅಸ್ವಾನ್‌ಗೆ ವಾಪಸ್ ಹೋಗುವ ಗಾಡಿಗಳೆಲ್ಲ ಆಗಲೇ ಸಾಲು ಕಟ್ಟಿದ್ದವು.